ದೊಡ್ಡ ರಾಜ್ಯ ಕಟ್ಟಿಯೂ ನಾಲ್ಕು ಊರಿನವನ ಕೈಲಿ ಸೋಲುವುದು ಯಾಕೆ?

ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 5ರಲ್ಲಿ ಅರ್ಧ ಭೂಪಟ ನಿಮ್ಮದೇ, ಆದರೂ ನಾಲ್ಕು ಊರಿನವನು ಹೊಡೆದು ಹಾಕಿದ, ಆಟವೇ ಚಿಕ್ಕವರ ಪರ ಇದೆಯಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಗೊಣಗಿದ್ದೆ.

ಆನ್‌ಲೈನ್ ಆಟ, ನನ್ನ ಎದುರಾಳಿಯೂ ನಾಲ್ಕೇ ಊರಿನವನು. ರಾಜಧಾನಿಯಲ್ಲಿ ನ್ಯಾಷನಲ್ ಕಾಲೇಜ್ ಅನ್ನುವ, ಟೆಕ್ನಾಲಜಿ ಬೇಗ ಕಲಿಸುವ ಕಟ್ಟಡ ಮುಗಿಯಲು ಮೂರೇ ಟರ್ನ್ (ಸರದಿ) ಬಾಕಿ. ಅಷ್ಟರಲ್ಲಿ ಹೊಸ ಊರು ಕಟ್ಟುವ ನನ್ನ ಸೆಟ್ಲರ್ ಒಳ್ಳೇ ಜಾಗ ತಲುಪಿತು. ಪಕ್ಕದವನು ಕಸಿದುಕೊಂಡಾನು ಅಂತ ಐದನೇ ಊರು ಕಟ್ಟಿಬಿಟ್ಟೆ. ಕಾಲೇಜ್ ನಿಂತೇ ಹೋಯಿತು! ಅದಕ್ಕೆ ನಿಮ್ಮ ಎಲ್ಲ ಊರಲ್ಲೂ ಲೈಬ್ರರಿ ಇರಬೇಕು. ಎಲ್ಲ ಅಂದರೆ ಎಲ್ಲ, ಈಗ ತಾನೇ ಹುಟ್ಟಿದ ಊರೂ ಸೇರಿ. ಲೈಬ್ರರಿಗೆ 75 ಪ್ರೊಡಕ್ಷನ್ (ಕಟ್ಟುವ ಶಕ್ತಿ) ಬೇಕು, ಆ ಹೊಸ ಊರು ಕೊಡುತ್ತಿದ್ದದ್ದು ಟರ್ನಿಗೆ 3. ಲೆಕ್ಕ ಹಾಕಿ, 25 ಟರ್ನ್. ದುಡ್ಡು ಕೊಟ್ಟು ಕೊಳ್ಳೋಣ ಅಂದರೆ ಖಜಾನೆ ಖಾಲಿ, ಸುಮ್ನೆ ಸೈನ್ಯಕ್ಕೆ ಸುರಿದಿದ್ದೆ. ಮೂರು ಟರ್ನ್ ಕಾದಿದ್ದರೆ ರಾಜಧಾನಿಯ ಸೈನ್ಸ್ (ಟೆಕ್ನಾಲಜಿ ಕಲಿಯಲು ಬೇಕಾದ ಅಂಕ) ಶೇಕಡಾ 50 ಜಾಸ್ತಿ ಆಗುತ್ತಿತ್ತು. ಮೂರೇ ಟರ್ನ್!

ಆಮೇಲೆ ಹಠಕ್ಕೆ ಬಿದ್ದು ಇನ್ನೂ ನಾಲ್ಕು ಊರು ಕಟ್ಟಿದೆ. ಪ್ರತಿಯೊಂದಕ್ಕೂ ಮತ್ತೆ ಲೈಬ್ರರಿ ಬೇಕು, ಕಾಲೇಜ್ ಇನ್ನೂ ದೂರ. 2013ರ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ಹಾಕಿಕೊಂಡಿದ್ದರೆ, ಸಾಧಾರಣ ಅಳತೆಯ ಭೂಪಟದಲ್ಲಿ ಮೊದಲ ಊರು ಬಿಟ್ಟು ಹೆಚ್ಚಿನ ಪ್ರತಿ ಊರಿಗೆ ಟೆಕ್ನಾಲಜಿ ಬೆಲೆ ಶೇಕಡಾ 5 ಏರುತ್ತದೆ. ಒಂಬತ್ತು ಊರಿನ ನನಗೆ 40, ಅವನಿಗೆ 15. ಊರಿಗೆ 3ರಂತೆ ಜನರ ಅತೃಪ್ತಿ ಬೇರೆ. ಹೊಸ ಜಾಗದಲ್ಲೆಲ್ಲ ಸಿಕ್ಕಿದ್ದು ಬರೀ ಹತ್ತಿ. ಒಂದೇ ಐಷಾರಾಮಿ ಸರಕು ಎಷ್ಟು ಇದ್ದರೂ ಸಂತೋಷ ಒಂದು ಸಲ ಮಾತ್ರ, 4. ಹ್ಯಾಪಿನೆಸ್ ಸೊನ್ನೆಗಿಂತ ಕೆಳಗೆ ಇಳಿಯಿತು, ಊರುಗಳು ಬೆಳೆಯುವುದು ಕಾಲು ಭಾಗಕ್ಕೆ ಬಿತ್ತು.

ಅವನು ಚಿಕ್ಕವನು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಅವನ ನಾಲ್ಕು ಊರಲ್ಲಿ ತಲಾ 15 ಜನ, ಒಟ್ಟು 60. ನನ್ನ ಒಂಬತ್ತರಲ್ಲಿ ತಲಾ 5, ಬರೀ 45. ಈ ಆಟದಲ್ಲಿ ಸೈನ್ಸ್ ಬರುವುದು ಜನರಿಂದ, ಜಾಗದಿಂದಲ್ಲ. ದೊಡ್ಡ ರಾಜ್ಯ ಅವನದೇ ಆಗಿತ್ತು ಅಲ್ವಾ? ನೀವು ಭೂಪಟದ ಬಣ್ಣ ನೋಡಿ ಮೋಸ ಹೋಗಿದ್ದೀರಿ.

ಹಾಗಂತ ಎಲ್ಲ ಆಟದಲ್ಲೂ ನಾಲ್ಕೇ ಊರು ಸಾಕು ಅಂದುಕೊಳ್ಳಬೇಡಿ. ಸಿವಿಲೈಸೇಶನ್ 6ರಲ್ಲಿ ಈ ಟೆಕ್ನಾಲಜಿ ದಂಡ ಇಲ್ಲ, ಅಲ್ಲಿ ಜಾಸ್ತಿ ಊರಿದ್ದವನದೇ ಮೇಲುಗೈ. 5ರಲ್ಲಿ ಮಾತ್ರ, ಕಾಲೇಜ್ ಮುಗಿಯುವ ತನಕ ಸೆಟ್ಲರ್ ಎಷ್ಟೇ ಒಳ್ಳೇ ಜಾಗದಲ್ಲಿ ನಿಂತಿರಲಿ, ಊರು ಕಟ್ಟಬೇಡಿ. ಜಾಗ ಹೋದರೆ ಹೋಗಲಿ.

ಟೆಕ್ನಾಲಜಿಯಲ್ಲಿ ಮುಂದಿದ್ದ ಅವನ ಕ್ರಾಸ್‌ಬೋ ಬಿಲ್ಲುಗಾರರು ಬಂದಾಗ ನನ್ನ ಹತ್ತಿರ ಇದ್ದದ್ದು ಈಟಿಯವರು. ರಾಜಧಾನಿ ಬಿದ್ದ ಟರ್ನಿನಲ್ಲಿ ಒಂಬತ್ತನೇ ಊರಿನ ಲೈಬ್ರರಿಗೆ ಇನ್ನೂ 6 ಟರ್ನ್ ಬಾಕಿ ಇತ್ತು.