ರಾತ್ರೋರಾತ್ರಿ ಅಂದಿರಿ, ನಡುವಿನ ಒಂದು ವರ್ಷ ಎಲ್ಲಿ ಹೋಯಿತು?

ಪ್ರಿಯ ಮಿತ್ರರೇ,

ಅಮೆರಿಕದ ರಾಕ್ ಗಾಯಕ ಬಿಲ್ ಹೇಲಿ ಮತ್ತು ಅವರ ಕಾಮೆಟ್ಸ್ ತಂಡದ 'ರಾಕ್ ಅರೌಂಡ್ ದ ಕ್ಲಾಕ್' ಹಾಡಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಹೀಗೇ ಹಾಕಲು ಆಗುವುದಿಲ್ಲ. ಕಾರಣ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಸಿಟ್ಟೂ ಬಂದಿದೆ, ಅದನ್ನು ಸೇರಿಸಿಕೊಂಡೇ ಓದಿ.

ನಿಮ್ಮ ಮೊದಲ ಸಾಲು: "1954ರ ಏಪ್ರಿಲ್ 12ರಂದು ರೆಕಾರ್ಡ್ ಆದ ಈ ಹಾಡು ರಾತ್ರೋರಾತ್ರಿ ಜಗತ್ತನ್ನೇ ಗೆದ್ದಿತು." ತಾರೀಕು ಸರಿ. ಗೆದ್ದದ್ದು ಯಾವ ರಾತ್ರಿ? ಮೇ ತಿಂಗಳಲ್ಲಿ ಡೆಕ್ಕಾ ಕಂಪನಿ ರೆಕಾರ್ಡ್ ಬಿಟ್ಟಾಗ ಈ ಹಾಡು ಇದ್ದದ್ದು ಹಿಂಬದಿಯಲ್ಲಿ. ಮುಂದಿನ ಬದಿಯಲ್ಲಿ 'ಥರ್ಟೀನ್ ವಿಮೆನ್' ಅಂತ ಬೇರೆ ಹಾಡು. ಕಂಪನಿಗೆ ನಂಬಿಕೆ ಇದ್ದದ್ದು ಅದರ ಮೇಲೆ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಮ್ಮ ಹಾಡು 23ನೇ ಸ್ಥಾನಕ್ಕೆ ಬಂತು, ಒಂದೇ ವಾರ ಇತ್ತು, ಜಾರಿತು. ಅದಕ್ಕೂ ಮುಂಚೆ ಸನ್ನಿ ಡೇ ಎಂಬವರ ತಂಡ ಇದೇ ಹಾಡನ್ನು ಹಾಡಿತ್ತು. ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ.

ನಿಮ್ಮ ಎರಡನೇ ಸಾಲು: "ಮರುವರ್ಷ ಅದು ನಂಬರ್ ಒನ್ ಆಗಿತ್ತು." ಹೇಗೆ ಆಯಿತು ಸ್ವಾಮೀ? 1955ರಲ್ಲಿ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಸಿನಿಮಾದ ಶುರುವಿನಲ್ಲೇ, ಹೆಸರುಗಳು ಬರುವಾಗ, ಈ ಹಾಡು ಹಾಕಿದರು. ಹೀರೊ ಗ್ಲೆನ್ ಫೋರ್ಡ್ ಅವರ ಮಗನ ಹತ್ತಿರ ಈ ರೆಕಾರ್ಡ್ ಇತ್ತು, ಸಿನಿಮಾದವರಿಗೆ ಅದು ಸಿಕ್ಕಿದ್ದು ಅಲ್ಲಿಂದಲೇ ಅಂತ ಮಗನೇ ಹೇಳಿಕೊಂಡಿದ್ದಾರೆ. ಹಳೇ ಸರಕು ಮತ್ತೆ ಅಂಗಡಿಗೆ ಬಂತು. ಜುಲೈ 9ಕ್ಕೆ ಮೊದಲ ಸ್ಥಾನ, ಅಲ್ಲಿ ಎಂಟು ವಾರ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ನವೆಂಬರ್‌ವರೆಗೆ ಕಾಯಬೇಕಾಯಿತು. ಲೇಖನದ ಜೀವ ಇರುವುದೇ ಇಲ್ಲಿ. ನೀವು ಇದನ್ನು ಒಂದು ಪೂರ್ಣವಿರಾಮದಲ್ಲಿ ದಾಟಿಬಿಟ್ಟಿದ್ದೀರಿ.

ನಾನು ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಅಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಸಿನಿಮಾವೊಂದರ ಶತದಿನದ ಬಗ್ಗೆ ಬರೆಯಲು ನನ್ನನ್ನು ಕಳಿಸಿದರು. ಹೊರಡುವಾಗ ಕರೆದು, "ಹಾರ ತುರಾಯಿ ಎಲ್ಲರೂ ಬರೀತಾರೆ. ಎರಡನೇ ವಾರ ಪಿಕ್ಚರ್ ಯಾಕೆ ಎತ್ತಲಿಲ್ಲ ಅಂತ ಕೇಳ್ಕೊಂಡು ಬಾ" ಅಂದರು. ಥಿಯೇಟರ್ ಮ್ಯಾನೇಜರ್ ಕಲೆಕ್ಷನ್ ಪುಸ್ತಕ ತೆಗೆದು ಮೊದಲ ವಾರದ ಪುಟ ತೋರಿಸಿದರು. ಬಾಲ್ಕನಿಯ ಸಾಲಿನಲ್ಲಿ ಹನ್ನೊಂದು, ಒಂಬತ್ತು, ಹದಿನಾಲ್ಕು. ಬೇರೆ ಪಿಕ್ಚರಿನ ಪ್ರಿಂಟ್ ಬರುವುದು ತಡವಾಯಿತಂತೆ, ಅದಕ್ಕೇ ಇದು ಉಳಿಯಿತಂತೆ. ವಾಪಸ್ ಬಂದು ಹೇಳಿದೆ. "ಇದನ್ನೇ ಬರಿ" ಅಂದು ಅವರು ಕಾಫಿಗೆ ಎದ್ದುಹೋದರು.

ಇನ್ನು ನನಗೆ ನಿಜಕ್ಕೂ ನೋವು ಕೊಟ್ಟ ಸಾಲು. "ಡ್ಯಾನಿ ಸೆಡ್ರೋನ್ ಅವರ ಮಾಂತ್ರಿಕ ಬೆರಳುಗಳಿಂದ ಆ ಕ್ಷಣದಲ್ಲೇ ಗಿಟಾರ್ ಸೋಲೋ ಚಿಮ್ಮಿತು." ಆ ಕ್ಷಣದಲ್ಲಿ ಏನೂ ಚಿಮ್ಮಲಿಲ್ಲ. 1952ರಲ್ಲಿ ಹೇಲಿಯವರದೇ 'ರಾಕ್ ದ ಜಾಯಿಂಟ್' ಹಾಡಿಗೆ ನುಡಿಸಿದ್ದ ಸೋಲೋವನ್ನೇ, ಅಂದರೆ ಆ ಒಂಟಿ ಗಿಟಾರ್ ತುಣುಕನ್ನೇ, ಅವರು ಮತ್ತೆ ನುಡಿಸಿದರು. ಯೋಚಿಸಲು ಹೊತ್ತಾದರೂ ಎಲ್ಲಿತ್ತು? ಡೆಲವೇರ್ ನದಿಯಲ್ಲಿ ಫೆರಿ ಮರಳದಿಬ್ಬಕ್ಕೆ ಸಿಕ್ಕಿಕೊಂಡು, ತಂಡ ನ್ಯೂಯಾರ್ಕಿನ ಪಿಥಿಯನ್ ಟೆಂಪಲ್ ಸ್ಟುಡಿಯೋ ಮುಟ್ಟಿದ್ದೇ ತಡವಾಗಿ. ಇದ್ದ ಸಮಯವನ್ನೆಲ್ಲ 'ಥರ್ಟೀನ್ ವಿಮೆನ್' ನುಂಗಿತು. ಕೊನೆಗೆ ಈ ಹಾಡಿಗೆ ಸಿಕ್ಕಿದ್ದು ಎರಡೇ ಟೇಕ್. ಮೊದಲನೆಯದರಲ್ಲಿ ವಾದ್ಯಗಳ ಅಬ್ಬರಕ್ಕೆ ಹೇಲಿ ದನಿ ಮುಳುಗಿಹೋಯಿತು. ಎರಡನ್ನೂ ಸೇರಿಸಿ ಒಂದು ಮಾಡಿದರು. ಅಂಥ ಗಡಿಬಿಡಿಯಲ್ಲಿ ಕೈಗೆ ಪಳಗಿದ್ದನ್ನು ನುಡಿಸುವವನೇ ಜಾಣ, ಅಲ್ವಾ?

ಆ ದಿನದ ಕೆಲಸಕ್ಕೆ ಸೆಡ್ರೋನ್ ಅವರಿಗೆ ಸಿಕ್ಕ ಕೂಲಿ 21 ಡಾಲರ್. ಅದೇ 1954ರ ಜೂನ್ 17ಕ್ಕೆ ಮೆಟ್ಟಿಲಿಂದ ಬಿದ್ದು ತೀರಿಕೊಂಡರು. ಹಾಡು ಮೇಲೇರಿದ್ದನ್ನು ನೋಡಲೇ ಇಲ್ಲ. ಇಷ್ಟು ಇರುವಾಗ 'ಮಾಂತ್ರಿಕ' ಯಾಕೆ ಬೇಕು?

ಎಲ್ವಿಸ್ ಬಗ್ಗೆ ಇರುವ ಎರಡು ಪುಟ ತೆಗೆಯಿರಿ, ಅದು ಇಲ್ಲಿಗೆ ಬೇಡ. ರೆಕಾರ್ಡಿನ ಹಿಂಬದಿಯಿಂದ ಶುರುಮಾಡಿ. ಸೆಡ್ರೋನ್ ಅವರಿಗೆ ಒಂದು ಇಡೀ ಪ್ಯಾರಾ ಕೊಡಿ, ವಿಶೇಷಣ ಒಂದೂ ಬೇಡ. ತಿಂಗಳ ಇಪ್ಪತ್ತರೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.