ಅಳಿಸಿದ ಸಂದೇಶ ಮರಳಿ ಬರುವುದೇಕೆ?

ಪ್ರಶ್ನೆ: ನಮ್ಮ ಬಿಡಿಭಾಗಗಳ ಅಂಗಡಿಗಾಗಿ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಅದು ಬೋಟೊ3 (ಪೈಥಾನ್‌ನಿಂದ ಅಮೆಜಾನ್ ಕ್ಲೌಡ್ ಸೇವೆಗಳನ್ನು ಬಳಸುವ ಲೈಬ್ರರಿ) ಮೂಲಕ ಅಮೆಜಾನ್ ಎಸ್‌ಕ್ಯೂಎಸ್ ಕ್ಯೂನಿಂದ, ಅಂದರೆ ಸಂದೇಶಗಳು ಸರದಿಯಲ್ಲಿ ಕಾಯುವ ಜಾಗದಿಂದ, ಸಲಕ್ಕೆ ಹತ್ತು ಸಂದೇಶ ತೆಗೆದುಕೊಂಡು, ಒಂದೊಂದಕ್ಕೂ ಬಿಲ್ಲು ತಯಾರಿಸಿ ಗ್ರಾಹಕರಿಗೆ ಇಮೇಲ್ ಕಳುಹಿಸುತ್ತದೆ. ಒಂದಕ್ಕೆ ಐದು ಸೆಕೆಂಡ್ ಹಿಡಿಯುತ್ತದೆ. ಹತ್ತೂ ಮುಗಿದ ಮೇಲೆ ಒಟ್ಟಿಗೆ ಅಳಿಸುತ್ತೇನೆ. ದೋಷ ಏನೂ ಕಾಣುವುದಿಲ್ಲ. ಆದರೂ ಕೆಲವರಿಗೆ ಒಂದೇ ಬಿಲ್ಲು ಎರಡು ಸಲ ಹೋಗುತ್ತಿದೆ. ಪ್ರೋಗ್ರಾಂ ಎರಡು ಕಂಪ್ಯೂಟರ್‌ಗಳಲ್ಲಿ ಓಡುತ್ತಿದೆ. ಲೈಬ್ರರಿ ಬದಲಿಸಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ, ಪಾಪ, ಲೈಬ್ರರಿಯ ತಪ್ಪೇನೂ ಇಲ್ಲ. ನಿಮ್ಮ ಲೆಕ್ಕವನ್ನೇ ನೋಡಿ: ಹತ್ತು ಸಂದೇಶಕ್ಕೆ ಐವತ್ತು ಸೆಕೆಂಡ್. ಆದರೆ ಎಸ್‌ಕ್ಯೂಎಸ್ ಕೊಟ್ಟ ಸಂದೇಶವನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಮರೆಮಾಡುವುದು, ನೀವು ಬದಲಿಸದಿದ್ದರೆ, ಬರೀ 30 ಸೆಕೆಂಡ್. ಅಷ್ಟರೊಳಗೆ ಅಳಿಸದಿದ್ದರೆ ಅದು ಮತ್ತೆ ಎಲ್ಲರಿಗೂ ಕಾಣುತ್ತದೆ. ಹತ್ತಕ್ಕೂ ಗಡಿಯಾರ ಒಟ್ಟಿಗೇ ಓಡಲು ತೊಡಗುತ್ತದೆ. ನೀವು ಏಳನೆಯ ಬಿಲ್ಲಿನಲ್ಲಿರುವಾಗಲೇ ಇನ್ನೊಂದು ಕಂಪ್ಯೂಟರ್ ಬಂದು ಅವೇ ಸಂದೇಶಗಳನ್ನು ಎತ್ತಿಕೊಂಡಿರುತ್ತದೆ.

ಹಾಗಾದರೆ ದೋಷ ಏಕೆ ಕಾಣಲಿಲ್ಲ? ಅಳಿಸಲು ಬೇಕಾದದ್ದು ಸಂದೇಶದ ಐಡಿ ಅಲ್ಲ, ರಿಸೀಟ್ ಹ್ಯಾಂಡಲ್, ಅಂದರೆ ಸಂದೇಶ ಪಡೆದಾಗಲೆಲ್ಲ ಅದರ ಜೊತೆ ಸಿಗುವ ಗುರುತು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್‌ನಂತೆ, ಚಪ್ಪಲಿ ಅದೇ ಆದರೂ ಪ್ರತಿ ಸಲ ಟೋಕನ್ ಹೊಸದು. ಸಂದೇಶ ಇನ್ನೊಬ್ಬರ ಕೈಗೆ ಹೋದ ಮೇಲೆ ನಿಮ್ಮ ಹಳೆಯ ಹ್ಯಾಂಡಲ್ ಕೊಟ್ಟರೆ ಸ್ಟ್ಯಾಂಡರ್ಡ್ ಕ್ಯೂ (ಎಸ್‌ಕ್ಯೂಎಸ್‌ನ ಸಾಮಾನ್ಯ ಬಗೆ) 'ಆಯಿತು' ಎಂದೇ ಉತ್ತರಿಸುತ್ತದೆ. ಸಂದೇಶ ಮಾತ್ರ ಅಲ್ಲೇ ಉಳಿದಿರಬಹುದು. ಈ ಸೌಜನ್ಯ ನನಗಂತೂ ಹಿಡಿಸುವುದಿಲ್ಲ, ಮುಖಕ್ಕೆ ಹೊಡೆದಂತೆ ಬೈದಿದ್ದರೆ ನಿಮಗೆ ಆಗಲೇ ತಿಳಿಯುತ್ತಿತ್ತು.

ಮೊದಲು ಕ್ಯೂನ ವಿಸಿಬಿಲಿಟಿ ಟೈಮ್‌ಔಟನ್ನು, ಅಂದರೆ ಆ ಮರೆಮಾಡುವ ಅವಧಿಯನ್ನು, 120 ಸೆಕೆಂಡಿಗೆ ಏರಿಸಿ. 12 ಗಂಟೆಯವರೆಗೂ ಅವಕಾಶವಿದೆ. ಆಮೇಲೆ, ಒಂದು ಬಿಲ್ಲು ಹೋದ ತಕ್ಷಣ ಆ ಒಂದನ್ನು ಅಳಿಸಿ. ಹೋಗುವ ಮುನ್ನ ಅಳಿಸಬೇಡಿ. ನಡುವೆ ಕರೆಂಟ್ ಹೋದರೆ ಬಿಲ್ಲೂ ಇಲ್ಲ, ಸಂದೇಶವೂ ಇಲ್ಲ.

ಒಟ್ಟಿಗೇ ಅಳಿಸುತ್ತೇನೆ ಎಂದು ಹಟ ಹಿಡಿದರೆ, ಉತ್ತರದಲ್ಲಿ ಬರುವ 'ಫೇಲ್ಡ್' ಪಟ್ಟಿಯನ್ನು ತಪ್ಪದೆ ಓದಿ. ಕರೆ ಯಶಸ್ವಿಯಾದರೂ ಹತ್ತರಲ್ಲಿ ಎರಡು ಅಳಿಯದೇ ಇರಬಹುದು.

ಇಷ್ಟಾದರೂ ಸ್ಟ್ಯಾಂಡರ್ಡ್ ಕ್ಯೂ ಅಪರೂಪಕ್ಕೊಮ್ಮೆ ಒಂದೇ ಸಂದೇಶವನ್ನು ಎರಡು ಸಲ ಕೊಡುತ್ತದೆ, ಅದರ ಕರಾರೇ ಹಾಗೆ. ಆದ್ದರಿಂದ ಪ್ರೋಗ್ರಾಂ ಕಳುಹಿಸಿದ ಬಿಲ್ಲಿನ ಸಂಖ್ಯೆಯನ್ನು ಎರಡೂ ಕಂಪ್ಯೂಟರ್‌ಗಳಿಗೆ ಸಿಗುವ ಡೇಟಾಬೇಸ್‌ನಲ್ಲಿ ಬರೆದಿಟ್ಟು, ಇಮೇಲ್ ಕಳುಹಿಸುವ ಮುನ್ನ ಒಮ್ಮೆ ಅಲ್ಲಿ ನೋಡಿಕೊಳ್ಳಲಿ.