ಹೊರಗಿನ ಕುದುರೆ ಬಂದಿಲ್ಲ, ಲಸಿಕೆಯೂ ಆಗಿದೆ. ಮತ್ತೆ ಹರ್ಪಿಸ್ ಬಂದಿದ್ದು ಎಲ್ಲಿಂದ?

ಪ್ರಶ್ನೆ: ಡಾಕ್ಟರೇ, ನಮ್ಮ ಲಾಯದಲ್ಲಿ ಐದು ಕುದುರೆಗಳಿವೆ. ಅದರಲ್ಲಿ ಒಂದು ಗಬ್ಬದ ಕುದುರೆ ಹೋದ ವಾರ ಹತ್ತನೇ ತಿಂಗಳಿನಲ್ಲಿ ಕಂದು ಹಾಕಿತು. ಹಿಂದಿನ ದಿನದವರೆಗೂ ಚೆನ್ನಾಗಿ ಮೇಯುತ್ತಿತ್ತು, ಯಾವ ಸುಳಿವೂ ಇರಲಿಲ್ಲ. ಲ್ಯಾಬ್ ವರದಿಯಲ್ಲಿ ಇಎಚ್‌ವಿ-1, ಅಂದರೆ ಕುದುರೆಗೆ ಬರುವ ಒಂದು ಹರ್ಪಿಸ್ ವೈರಸ್, ಎಂದು ಬಂದಿದೆ. ಎಂಟು ತಿಂಗಳಿಂದ ಹೊರಗಿನ ಕುದುರೆ ಒಳಗೆ ಬಂದಿಲ್ಲ. ಲಸಿಕೆಯನ್ನೂ ತಪ್ಪದೆ ಹಾಕಿಸಿದ್ದೇನೆ. ಹಾಗಾದರೆ ಈ ವೈರಸ್ ಎಲ್ಲಿಂದ ಬಂತು? ಉಳಿದ ನಾಲ್ಕನ್ನು ಹೇಗೆ ಕಾಪಾಡಲಿ?

ಉತ್ತರ: ಹತ್ತು ತಿಂಗಳು ಕಾದು ಮರಿಯನ್ನು ಕಳೆದುಕೊಳ್ಳುವುದು ಸಣ್ಣ ನೋವಲ್ಲ. ಇದರಲ್ಲಿ ನಿಮ್ಮ ತಪ್ಪು ಹುಡುಕಬೇಡಿ. ವೈರಸ್ ಹೊರಗಿನಿಂದ ಬರಲೇಬೇಕು ಅಂತಿಲ್ಲ. ಬಹುಶಃ ಅದು ನಿಮ್ಮ ಲಾಯದಲ್ಲೇ, ಯಾವುದೋ ಒಂದು ಕುದುರೆಯ ಮೈಯೊಳಗೇ ಇತ್ತು.

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆದವರಿಗೆ ಎಷ್ಟೋ ವರ್ಷಗಳ ನಂತರ ಸರ್ಪಸುತ್ತು ಏಳುವುದನ್ನು ನೋಡಿರುತ್ತೀರಿ ಅಲ್ವಾ? ಅದೂ ಹರ್ಪಿಸ್ ಕುಟುಂಬದ ವೈರಸ್ಸೇ. ಒಮ್ಮೆ ಮೈ ಹೊಕ್ಕರೆ ಈ ಕುಟುಂಬದವು ಪೂರ್ತಿ ಹೊರಟು ಹೋಗುವುದಿಲ್ಲ. ಕುದುರೆಗೆ ಇಎಚ್‌ವಿ-1 ಸಾಮಾನ್ಯವಾಗಿ ಮರಿಯಾಗಿದ್ದಾಗಲೇ ಅಂಟುತ್ತದೆ, ಎಷ್ಟೋ ಸಲ ತಾಯಿಯಿಂದಲೇ. ಆಗ ನೆಗಡಿ, ಜ್ವರ ಬಂದು ವಾಸಿಯಾಗುತ್ತದೆ. ಆಮೇಲೆ ವೈರಸ್ ಮುಖದ ನರದ ಗಂಟಿನಲ್ಲಿ ಮತ್ತು ಬಿಳಿ ರಕ್ತಕಣಗಳಲ್ಲಿ ಸುಮ್ನೆ ಮಲಗಿರುತ್ತದೆ. ದೂರದ ಪ್ರಯಾಣ, ಮರಿಯನ್ನು ತಾಯಿಯಿಂದ ಬಿಡಿಸುವುದು, ಬೇರೆ ಕಾಯಿಲೆ, ಸ್ಟಿರಾಯ್ಡ್ ಮದ್ದು, ಹೀಗೆ ಏನಾದರೂ ಮೈಗೆ ಭಾರವಾದಾಗ ಅದು ಮತ್ತೆ ಎಚ್ಚರಗೊಳ್ಳಬಹುದು. ಆಗ ನೋಡಲು ಆರೋಗ್ಯವಾಗಿರುವ ಕುದುರೆಯ ಮೂಗಿನಿಂದಲೂ ವೈರಸ್ ಹೊರಬರುತ್ತದೆ. ಸೋಂಕು ತಗುಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಆದ ಮೇಲೆ ಕಂದು ಬೀಳುವುದುಂಟು. ಹಾಗಾಗಿ ಹೋದ ವಾರದ ಘಟನೆಗೆ ಹೋದ ವಾರದಲ್ಲೇ ಕಾರಣ ಹುಡುಕಿದರೆ ಸಿಗುವುದಿಲ್ಲ.

ಲಸಿಕೆ ಯಾಕೆ ತಡೆಯಲಿಲ್ಲ ಎನ್ನುವುದಕ್ಕೆ ಈ ವೈರಸ್ ಸಾಗುವ ದಾರಿ ತಿಳಿಯಬೇಕು. ಮೂಗಿನ ಒಳಪದರದಿಂದ ಅದು ಹತ್ತಿರದ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿ, ಅಲ್ಲಿ ಬಿಳಿ ರಕ್ತಕಣಗಳ ಒಳಗೆ ಸೇರಿಕೊಳ್ಳುತ್ತದೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿದ್ದರೂ ಕಣದ ಒಳಗೆ ಕುಳಿತ ವೈರಸ್ಸನ್ನು ಮುಟ್ಟಲಾರವು. ಆ ಕಣಗಳ ಜೊತೆಯಲ್ಲೇ ಅದು ಗರ್ಭಕೋಶದ ರಕ್ತನಾಳಗಳನ್ನು ತಲುಪುತ್ತದೆ. ಅಲ್ಲಿ ನಾಳ ಉರಿಯೂತಗೊಂಡು ರಕ್ತ ಹೆಪ್ಪುಗಟ್ಟುತ್ತದೆ, ಮಾಸು ಬಿಟ್ಟುಕೊಳ್ಳುತ್ತದೆ, ಮರಿಗೆ ಉಸಿರು ಸಿಗುವುದಿಲ್ಲ. ತಾಯಿ ಮಾತ್ರ ಹಿಂದಿನ ದಿನದವರೆಗೂ ಮೇಯುತ್ತಲೇ ಇರುತ್ತದೆ. ನೀವು ಕಂಡದ್ದೂ ಇದನ್ನೇ. ಹಾಗಂತ ಲಸಿಕೆ ದಂಡ ಅಲ್ಲ. ಗಬ್ಬದ 5, 7, 9ನೇ ತಿಂಗಳಲ್ಲಿ ಹಾಕಿಸಿದರೆ ಒಂದೇ ಲಾಯದಲ್ಲಿ ಸಾಲಾಗಿ ಕಂದು ಬೀಳುವ ಅಪಾಯ ಕಡಿಮೆಯಾಗುತ್ತದೆ, ಮೂಗಿನಿಂದ ಹೊರಬೀಳುವ ವೈರಸ್ಸೂ ಕಡಿಮೆಯಾಗುತ್ತದೆ. ದಯವಿಟ್ಟು ನಿಲ್ಲಿಸಬೇಡಿ.

ಈಗ ಉಳಿದ ನಾಲ್ಕರ ಮಾತು. ಬಿದ್ದ ಕಂದು, ಮಾಸು, ನೀರು ಇವುಗಳಲ್ಲಿ ವೈರಸ್ ತುಂಬಿರುತ್ತದೆ. ಅವು ಬಿದ್ದ ಜಾಗದ ಹುಲ್ಲಿನ ಹಾಸು, ಲದ್ದಿ ಎಲ್ಲವನ್ನೂ ತೆಗೆದು, ಸೋಪು ನೀರಿನಿಂದ ಉಜ್ಜಿ ತೊಳೆದು, ಆಮೇಲೆ ಸೋಂಕುನಾಶಕ ಹಾಕಿ. ಕೊಳೆಯ ಮೇಲೆ ಹಾಕಿದ ಸೋಂಕುನಾಶಕ ಕೆಲಸ ಮಾಡದು. ಆ ಕುದುರೆಯನ್ನು ಬೇರೆ ಕಟ್ಟಿ. ಬಕೆಟ್, ಹಗ್ಗ, ಮೈ ಉಜ್ಜುವ ಬ್ರಷ್ ಎಲ್ಲವೂ ಅದಕ್ಕೇ ಬೇರೆ ಇರಲಿ. ನೋಡಿಕೊಳ್ಳುವವರು ಒಬ್ಬರೇ ಆದರೆ ಅದರ ಹತ್ತಿರ ಕೊನೆಗೆ ಹೋಗಲಿ, ಮೊದಲಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲ್ಲ ಕುದುರೆಗಳ ಜ್ವರ ನೋಡಿ ಬರೆದಿಡಿ. ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನೂ ಬೇರೆ ಮಾಡಿ, ಡಾಕ್ಟರನ್ನು ಕರೆಸಿ, ಮೂಗಿನ ಸ್ವ್ಯಾಬ್ ಮತ್ತು ರಕ್ತ ಎರಡನ್ನೂ ಪಿಸಿಆರ್ ಪರೀಕ್ಷೆಗೆ ಕಳಿಸಿ. ನೀವಾಗಿಯೇ ಜ್ವರದ ಮದ್ದು ಕೊಟ್ಟುಬಿಟ್ಟರೆ ಸುಳಿವು ಮುಚ್ಚಿಹೋಗುತ್ತದೆ. ಕೊನೆಯ ಕುದುರೆಯ ಜ್ವರ ಇಳಿದ ಮೇಲೂ ಕನಿಷ್ಠ 21 ದಿನ ಯಾವ ಕುದುರೆಯೂ ಒಳಗೆ ಬರುವುದು, ಹೊರಗೆ ಹೋಗುವುದು ಬೇಡ.

ಇಷ್ಟು ಹೇಳಲು ಕಾರಣವಿದೆ. ಇದೇ ವೈರಸ್ ಬೆನ್ನುಹುರಿಯ ರಕ್ತನಾಳಗಳಿಗೂ ಪೆಟ್ಟು ಕೊಡಬಲ್ಲದು. ಜ್ವರ ಬಂದ ಕೆಲವೇ ದಿನಗಳಲ್ಲಿ ಹಿಂಗಾಲು ತೂರಾಡುತ್ತದೆ, ಬಾಲ ಜೋತು ಬೀಳುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಕೆಲವು ನಾಯಿಯಂತೆ ಕುಳಿತುಬಿಡುತ್ತವೆ. 2021ರ ಫೆಬ್ರುವರಿಯಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಜಿಗಿತದ ಸ್ಪರ್ಧೆಗೆಂದು ಸೇರಿದ್ದ ಕುದುರೆಗಳಲ್ಲಿ ಹೀಗೇ ಆಯಿತು. ಅಲ್ಲಿಂದ ಊರಿಗೆ ಮರಳಿದ ಕುದುರೆಗಳ ಜೊತೆ ಸೋಂಕು ಬೇರೆ ದೇಶಗಳಿಗೂ ಹೋಯಿತು. ಒಟ್ಟು 18 ಕುದುರೆಗಳು ಸತ್ತವು. ಯುರೋಪಿನಲ್ಲಿ ವಾರಗಟ್ಟಲೆ ಸ್ಪರ್ಧೆಗಳನ್ನೇ ನಿಲ್ಲಿಸಬೇಕಾಯಿತು. ಈ ನರದ ತೊಂದರೆಯನ್ನು ಖಂಡಿತ ತಡೆಯುತ್ತದೆ ಎಂದು ಸಾಬೀತಾದ ಲಸಿಕೆ ಇನ್ನೂ ಇಲ್ಲ. ಹರ್ಪಿಸ್ ವೈರಸ್ ವಿರುದ್ಧದ ವಲಸೈಕ್ಲೊವಿರ್ ಮಾತ್ರೆ ಬೇಗ ಶುರು ಮಾಡಿದರೆ ನೆರವಾಗಬಹುದು. ಅದಕ್ಕೂ ಮೊದಲ ಜ್ವರವೇ ಗೊತ್ತಾಗಬೇಕು.

ವರದಿಯಲ್ಲಿ ‘ಎನ್ ಬಗೆ’, ‘ಡಿ ಬಗೆ’ ಎಂದು ಬರೆದಿದ್ದರೆ ಒಂದು ಮಾತು. ವೈರಸ್ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳುವ ಕಿಣ್ವದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ನರಕ್ಕೆ ಹೊಡೆಯುವ ಸಾಧ್ಯತೆ ಹೆಚ್ಚುತ್ತದೆ ಎಂದು 2006ರಲ್ಲಿ ಸಂಶೋಧಕರು ತೋರಿಸಿದರು. ಅದೇ ಡಿ ಬಗೆ, ಬದಲಾಗದೆ ಇರುವುದು ಎನ್ ಬಗೆ. ದೊಡ್ಡ ಶೋಧನೆಯೇ ಹೌದು. ಆದರೆ ಎನ್ ಬಗೆಯಿಂದಲೂ ಕಾಲು ಸೋತ ಕುದುರೆಗಳಿವೆ, ಡಿ ಬಗೆ ತಗುಲಿಯೂ ಬರೀ ನೆಗಡಿಯಲ್ಲಿ ಮುಗಿದವೂ ಇವೆ. ‘ಎನ್ ಬಗೆ, ಭಯವಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡಕ್ಕೂ ಎಚ್ಚರಿಕೆ ಒಂದೇ.

ಇದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ನಮ್ಮ ಕೈ, ಬಟ್ಟೆಗೆ ಹತ್ತಿ ಇನ್ನೊಂದು ಕುದುರೆಗೆ ಹೋಗುತ್ತದೆ.

ಕಂದು ಹಾಕಿದ ಕುದುರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ವೈರಸ್ ಸಾಮಾನ್ಯವಾಗಿ ಗರ್ಭಕೋಶವನ್ನು ಶಾಶ್ವತವಾಗಿ ಕೆಡಿಸುವುದಿಲ್ಲ. ಡಾಕ್ಟರ್ ಪರೀಕ್ಷಿಸಿ ಸರಿ ಎಂದ ಮೇಲೆ ಅದು ಮತ್ತೆ ಗಬ್ಬ ಕಟ್ಟಿ ಆರೋಗ್ಯವಾದ ಮರಿ ಹಾಕಬಲ್ಲದು.